ಬೋಲ್ಡ್ ಇಟಾಲಿಕ್‌ಗೆ ಬೇರೆ ಫಾಂಟ್ ಬೇಕಾ?

ಪ್ರಶ್ನೆ: ಹಕ್ಕಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ಮಾಡುತ್ತಿದ್ದೇನೆ. ಅಚ್ಚಿಗೂ ಹೋಗುತ್ತದೆ, ವೆಬ್‌ನಲ್ಲೂ ಇರುತ್ತದೆ. ಅದಕ್ಕೆ ಒಂದು ಸೆರಿಫ್ ಫಾಂಟ್ (ಗೆರೆಗಳ ತುದಿಯಲ್ಲಿ ಪುಟ್ಟ ಪಟ್ಟಿ ಇರುವಂಥದ್ದು) ಆರಿಸಿದ್ದೇನೆ. ರೆಗ್ಯುಲರ್, ಇಟಾಲಿಕ್, ಬೋಲ್ಡ್ ಮೂರೂ ನನ್ನ ಹತ್ತಿರ ಇವೆ. ಬೋಲ್ಡ್ ಇಟಾಲಿಕ್ ಬೇಕೆಂದರೆ ಬೇರೆ ಫೈಲ್, ಅದಕ್ಕೆ ಬೇರೆ ಹಣ. ಆದರೆ ಬೋಲ್ಡ್ ಮಾಡಿ ಅದರ ಮೇಲೆ ಇಟಾಲಿಕ್ ಬಟನ್ ಒತ್ತಿದರೆ ದಪ್ಪಗೆ ಓರೆಯಾದ ಅಕ್ಷರ ಬಂದೇ ಬರುತ್ತದೆ. ಮತ್ತೆ ಯಾಕೆ ಕೊಳ್ಳಬೇಕು? ಕೊಂಡರೆ ಎಲ್ಲೆಲ್ಲಿ ಬಳಸಬಹುದು? ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಹಕ್ಕಿಗಳ ಕೈಪಿಡಿ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಜೀವಿಗಳ ವೈಜ್ಞಾನಿಕ ಹೆಸರನ್ನು ಇಟಾಲಿಕ್‌ನಲ್ಲಿ ಹಾಕುವುದು ಎಲ್ಲ ಕಡೆ ಇರುವ ರೂಢಿ. ನಿಮ್ಮ ಶೀರ್ಷಿಕೆಗಳು ಬೋಲ್ಡ್ ಆಗಿದ್ದರೆ, ಗುಬ್ಬಚ್ಚಿಯ ಹೆಸರಿನ ಪಕ್ಕ ಬರುವ ‘ಪ್ಯಾಸರ್ ಡೊಮೆಸ್ಟಿಕಸ್’ ಬೋಲ್ಡೂ ಆಗಬೇಕು, ಇಟಾಲಿಕ್ಕೂ ಆಗಬೇಕು. ಅಂದರೆ ಪ್ರತಿ ಹಕ್ಕಿಗೂ ಒಂದು ಸಲ, ಅದೂ ಪುಟದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವ ಜಾಗದಲ್ಲಿ, ಈ ನಾಲ್ಕನೇ ಫಾಂಟ್ ಬೇಕಾಗುತ್ತದೆ. ನೀವು ಕಾದಂಬರಿ ಮಾಡುತ್ತಿದ್ದರೆ ‘ಬಿಟ್ಟುಬಿಡಿ, ಅದರ ಅಗತ್ಯವೇ ಬೀಳುವುದಿಲ್ಲ’ ಅನ್ನುತ್ತಿದ್ದೆ. ನಿಮ್ಮ ಪುಸ್ತಕಕ್ಕೆ ಬೇಕು.

ಇನ್ನು ಬಟನ್ ವಿಷಯ. ನೀವು ಎರಡೂ ಬಟನ್ ಒತ್ತಿದಾಗ ಕಂಪ್ಯೂಟರ್ ಮೊದಲು ಆ ಕುಟುಂಬದ ನಾಲ್ಕನೇ ಫಾಂಟ್ ಇದೆಯಾ ಅಂತ ಹುಡುಕುತ್ತದೆ. ಇದ್ದರೆ ಅದನ್ನೇ ಹಾಕುತ್ತದೆ. ಇಲ್ಲದಿದ್ದರೆ ಹಲವು ತಂತ್ರಾಂಶಗಳು ಸುಮ್ಮನೆ ಒಂದನ್ನು ತಯಾರಿಸಿಬಿಡುತ್ತವೆ. ಬೋಲ್ಡ್ ಅಕ್ಷರವನ್ನು ಬಲಕ್ಕೆ ವಾಲಿಸುತ್ತವೆ, ಅಷ್ಟೇ. ವೆಬ್ ಪುಟಗಳ ನಿಯಮದಲ್ಲಿ ಓರೆ ಎಷ್ಟು ಅಂತ ಹೇಳದೆ ಬಿಟ್ಟರೆ ಅದು 14 ಡಿಗ್ರಿ. ತೊಂದರೆ ಏನೆಂದರೆ, ಸಿಕ್ಕಿದ್ದು ಅಸಲಿಯೋ ನಕಲಿಯೋ ಅಂತ ಯಾರೂ ನಿಮಗೆ ಹೇಳುವುದಿಲ್ಲ. ಪುಸ್ತಕ ಜೋಡಿಸುವ ಇನ್‌ಡಿಸೈನ್ ಥರದ ತಂತ್ರಾಂಶ ಮಾತ್ರ ಹೀಗೆ ಮಾಡಲು ಒಪ್ಪುವುದಿಲ್ಲ. ಫಾಂಟ್ ಇಲ್ಲ ಅಂತ ಆ ಪದದ ಹಿಂದೆ ಗುಲಾಬಿ ಬಣ್ಣ ಬಳಿದು ಕೂರುತ್ತದೆ. ಹೊಸಬರಿಗೆ ಇದರಿಂದ ಸಿಟ್ಟು ಬರುತ್ತದೆ. ನನಗಂತೂ ಆ ಹಟ ಇಷ್ಟ.

ವಾಲಿಸಿದರೆ ಏನು ಕೆಡುತ್ತದೆ? ದೊಡ್ಡ ಅಳತೆಯಲ್ಲಿ ಇಂಗ್ಲಿಷಿನ ಒಂದು ಬೋಲ್ಡ್ ‘ಓ’ ಹಾಕಿ ವಾಲಿಸಿ ನೋಡಿ. ಅದರ ಮೇಲಿನ ಬಲ ಭಾಗ ಮತ್ತು ಕೆಳಗಿನ ಎಡ ಭಾಗ ಊದಿಕೊಳ್ಳುತ್ತವೆ. ಮೇಲಿನ ಎಡ, ಕೆಳಗಿನ ಬಲ ಸೊರಗುತ್ತವೆ. ಹಳೆಯ ಮಾದರಿಯ ಸೆರಿಫ್ ಫಾಂಟುಗಳಲ್ಲಿ ‘ಓ’ಗೆ ಮೊದಲೇ ಅದೇ ಎರಡು ಕಡೆ ದಪ್ಪ ಇರುತ್ತದೆ, ಅಗಲ ತುದಿಯ ಲೇಖನಿ ಹಾಗೆ ಬರೆಯುತ್ತಿತ್ತು. ಹಾಗಾಗಿ ಊದಿದ್ದು ಇನ್ನಷ್ಟು ಊದುತ್ತದೆ. ಕ್ಯಾಪಿಟಲ್ ‘ಎ’ ನೋಡಿ. ಅದರ ಎಡಗಾಲು ತೆಳು, ಬಲಗಾಲು ದಪ್ಪ. ವಾಲಿಸಿದಾಗ ಎಡಗಾಲು ಇನ್ನೂ ಮಲಗುತ್ತದೆ, ಮಲಗಿದಷ್ಟೂ ತೆಳುವಾಗುತ್ತದೆ. ಬಲಗಾಲು ನೆಟ್ಟಗಾಗುತ್ತದೆ, ಆದಷ್ಟೂ ದಪ್ಪವಾಗುತ್ತದೆ. ಒಂದು ಕಾಲು ಕಡ್ಡಿ, ಇನ್ನೊಂದು ಕಂಬ. ರೆಗ್ಯುಲರ್ ಅಕ್ಷರದಲ್ಲಿ ಈ ವ್ಯತ್ಯಾಸ ಕಣ್ತಪ್ಪಿಸಿಕೊಂಡು ಹೋಗಬಹುದು. ಬೋಲ್ಡ್‌ನಲ್ಲಿ ಮಸಿ ಜಾಸ್ತಿ ಇರುವುದರಿಂದ ತಪ್ಪೂ ಜಾಸ್ತಿ ಕಾಣುತ್ತದೆ.

ಅದಕ್ಕಿಂತ ದೊಡ್ಡ ವಿಷಯ ಅಕ್ಷರದ ಆಕಾರದ್ದು. ಇಟಾಲಿಕ್ ಅಂದರೆ ವಾಲಿದ ಅಕ್ಷರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಆದರೆ ಅದು ಹುಟ್ಟಿದ್ದು ಬೇರೆ ಕೈಬರಹದಿಂದ. 1400ರ ದಶಕಗಳಲ್ಲಿ ಇಟಲಿಯ ವಿದ್ವಾಂಸರು ಬೇಗ ಬರೆಯಲು ಒಂದು ಓಡುವ ಬರಹ ಬಳಸುತ್ತಿದ್ದರು. ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಅದನ್ನು ಉಕ್ಕಿನ ಪಂಚುಗಳಲ್ಲಿ, ಅಂದರೆ ಅಚ್ಚು ಒತ್ತುವ ಕಡ್ಡಿಗಳ ತುದಿಯಲ್ಲಿ, ಕೊರೆದ. 1501ರಲ್ಲಿ ಪ್ರಾಚೀನ ರೋಮಿನ ಕವಿ ವರ್ಜಿಲ್‌ನ ಕಾವ್ಯ ಪೂರ್ತಿ ಆ ಅಕ್ಷರದಲ್ಲೇ ಅಚ್ಚಾಯಿತು. ಅಲ್ಲಿ ಸಣ್ಣಕ್ಷರ ಮಾತ್ರ ಓರೆ. ದೊಡ್ಡಕ್ಷರಗಳು ಪುಟ್ಟದಾಗಿ, ನೆಟ್ಟಗೆ ನಿಂತಿದ್ದವು. ಯಾವುದೋ ಪದಕ್ಕೆ ಒತ್ತು ಕೊಡುವ ಕೆಲಸವೂ ಆಗ ಇಟಾಲಿಕ್‌ಗೆ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಇಡೀ ಪುಸ್ತಕದ ಅಕ್ಷರ. ನೆಟ್ಟಗಿನ ಅಕ್ಷರದ ಜೊತೆಗಾರನಾಗಿದ್ದು ಆಮೇಲೆ.

ಈ ಹುಟ್ಟಿನ ಗುರುತು ಇವತ್ತಿಗೂ ಉಳಿದಿದೆ. ನೆಟ್ಟಗಿನ ಸಣ್ಣ ‘ಎ’ಗೆ ತಲೆಯ ಮೇಲೊಂದು ಕೊಕ್ಕೆ, ಕೆಳಗೊಂದು ಹೊಟ್ಟೆ, ಎರಡು ಅಂತಸ್ತು. ಇಟಾಲಿಕ್‌ನಲ್ಲಿ ಒಂದೇ ಅಂತಸ್ತು, ನಾವು ಕೈಯಲ್ಲಿ ಬರೆಯುವ ಹಾಗೆ. ಸಣ್ಣ ‘ಎಫ್’ಗೆ ಹಲವು ಇಟಾಲಿಕ್‌ಗಳಲ್ಲಿ ಸಾಲಿನ ಕೆಳಗೆ ಇಳಿಯುವ ಬಾಲ. ‘ಎನ್’, ‘ಎಮ್’ ಕಾಲುಗಳ ಕೆಳಗೆ ಎರಡೂ ಕಡೆ ಚಾಚಿದ ಚಪ್ಪಟೆ ಸೆರಿಫ್ ಇರುವುದಿಲ್ಲ. ಲೇಖನಿ ಇಳಿಯುವಾಗ ಒಂದು ಪುಟ್ಟ ಗೆರೆ, ಬಿಡುವಾಗ ಒಂದು ಪುಟ್ಟ ಗೆರೆ. ನೆಟ್ಟಗಿನ ‘ಎನ್’ನಲ್ಲಿ ಕಮಾನು ಕಾಲಿನ ತುದಿಯ ಹತ್ತಿರ ಕವಲೊಡೆಯುತ್ತದೆ. ಇಟಾಲಿಕ್ ‘ಎನ್’ನಲ್ಲಿ ಅದು ಸಾಕಷ್ಟು ಕೆಳಗಿನಿಂದಲೇ ಮೇಲೇಳುತ್ತದೆ. ಬೋಲ್ಡ್ ಅನ್ನು ಎಷ್ಟು ವಾಲಿಸಿದರೂ ಇದ್ಯಾವುದೂ ಬರುವುದಿಲ್ಲ. ನಿಮ್ಮ ‘ಪ್ಯಾಸರ್’ನ ‘ಎ’ ಅಲ್ಲೇ ಸಿಕ್ಕಿಬೀಳುತ್ತದೆ. ವಾಲಿದ ಎರಡಂತಸ್ತಿನ ‘ಎ’ ಕಂಡರೆ ಅದು ನಕಲಿ ಅಂತ ಅನುಮಾನಪಡಬಹುದು.

ಬೋಲ್ಡ್‌ನ ಕಥೆ ಬೇರೆ. ಇಟಾಲಿಕ್ ಬಂದು ಸುಮಾರು ಮುನ್ನೂರು ವರ್ಷ ಬೋಲ್ಡ್ ಅನ್ನುವುದೇ ಇರಲಿಲ್ಲ. 1800ರ ನಂತರ ಲಂಡನ್‌ನಲ್ಲಿ ಜಾಹೀರಾತು, ಭಿತ್ತಿಪತ್ರಗಳ ಭರಾಟೆ ಶುರುವಾದಾಗ ಅಕ್ಷರ ಎರಕ ಹೊಯ್ಯುವವರು ಧಡೂತಿ ಅಕ್ಷರಗಳನ್ನು ಮಾಡತೊಡಗಿದರು. ಅವುಗಳಲ್ಲಿ ಓರೆಯವೂ ಇದ್ದವು. ಆದರೆ ಅವು ಗೋಡೆಯ ಅಕ್ಷರಗಳು, ಪುಟದವಲ್ಲ. 1845ರಲ್ಲಿ ರಾಬರ್ಟ್ ಬೆಸ್ಲಿಯ ಎರಕದ ಮನೆಯಿಂದ ಕ್ಲಾರೆಂಡನ್ ಬಂತು. ಸಾಮಾನ್ಯ ಅಕ್ಷರದ ನಡುವೆ ಒಂದು ಪದ ಎದ್ದು ಕಾಣಬೇಕೆಂದರೆ ಹಾಕಬಹುದಾದ ಅಕ್ಷರ ಅದು. ನಿಘಂಟುಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಕುಟುಂಬದೊಳಗೆ ರೆಗ್ಯುಲರ್, ಇಟಾಲಿಕ್, ಬೋಲ್ಡ್, ಬೋಲ್ಡ್ ಇಟಾಲಿಕ್ ಅಂತ ಸಾಲಾಗಿ ಬರುವುದು ರೂಢಿಯಾಗಿದ್ದು 1900ರ ಈಚೆಗೆ. ಅಮೆರಿಕದಲ್ಲಿ ಮಾರಿಸ್ ಫುಲ್ಲರ್ ಬೆಂಟನ್ ಚೆಲ್ಟನ್‌ಹ್ಯಾಮ್ ಅಕ್ಷರವನ್ನು ದೊಡ್ಡ ಕುಟುಂಬವಾಗಿ ಬೆಳೆಸಿದ ಕಾಲ ಅದು.

ಹಾಗಾಗಿ ಬೋಲ್ಡ್ ಇಟಾಲಿಕ್ ಬರೆಯುವವರ ಪಾಡು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ. ಇಟಾಲಿಕ್‌ಗೆ ತೆಳುವಾಗಿ, ಇಕ್ಕಟ್ಟಾಗಿ ಓಡಬೇಕು. ಬೋಲ್ಡ್‌ಗೆ ಅಗಲ ಬೇಕು, ಭಾರ ಬೇಕು, ಓದುವವರು ನಿಲ್ಲಬೇಕು. ಇಕ್ಕಟ್ಟಾದ ಅಕ್ಷರದೊಳಗೆ ದಪ್ಪ ಗೆರೆ ತುಂಬಿದರೆ ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಬಿಳಿ ಉಳಿಸಲು ಅಗಲ ಮಾಡಿದರೆ ಇಟಾಲಿಕ್‌ನ ಓಟ ಸತ್ತುಹೋಗುತ್ತದೆ.

ಒಳ್ಳೆಯ ವಿನ್ಯಾಸಕರು ಇದನ್ನು ಹೇಗೆ ಬಿಡಿಸುತ್ತಾರೆ ಅಂತ ನೋಡಲು ಟೈಮ್ಸ್ ಅನ್ನುವ ಫಾಂಟ್ ಸಾಕು. ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರುಗಳ ಜೊತೆ ಬಂದ ಟೈಮ್ಸ್‌ನ ಅಳತೆಗಳನ್ನು ಅಡೋಬಿ ಕಂಪನಿ ಬಹಿರಂಗವಾಗಿಯೇ ಕೊಟ್ಟಿದೆ. ಅಕ್ಷರದ ಒಟ್ಟು ಅಳತೆಯನ್ನು 1000 ಭಾಗ ಮಾಡಿದರೆ, ನಿಂತ ಗೆರೆಯ ದಪ್ಪ ರೆಗ್ಯುಲರ್‌ನಲ್ಲಿ 84. ಇಟಾಲಿಕ್‌ನಲ್ಲಿ 76. ಬೋಲ್ಡ್‌ನಲ್ಲಿ 139. ಬೋಲ್ಡ್ ಇಟಾಲಿಕ್‌ನಲ್ಲಿ 121. ಈ ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಕಂಪ್ಯೂಟರ್ ಬೋಲ್ಡ್ ಅನ್ನು ವಾಲಿಸಿದ್ದರೆ ಅಡ್ಡಕ್ಕೆ ಅಳೆದಾಗ ಗೆರೆ 139 ಆಗಿಯೇ ಇರುತ್ತಿತ್ತು. ಇಲ್ಲಿ 18 ಭಾಗ ಕಡಿಮೆ ಮಾಡಿದ್ದಾರೆ. ಆದರೆ ಸಣ್ಣ ‘ಎನ್’ನ ಅಗಲ ಎರಡರಲ್ಲೂ 556. ಅಗಲ ಅಷ್ಟೇ, ಗೆರೆ ತೆಳು. ಉಳಿದ ಜಾಗವೆಲ್ಲ ಬಿಳಿಗೆ ಹೋಯಿತು. ಸಣ್ಣಕ್ಷರದ ಎತ್ತರವೂ ಹಾಗೆ. ಇಟಾಲಿಕ್‌ನಲ್ಲಿ 441, ಬೋಲ್ಡ್ ಇಟಾಲಿಕ್‌ನಲ್ಲಿ 462. ಎತ್ತರ ಸ್ವಲ್ಪ ಏರಿಸಿ ಹೊಟ್ಟೆಯೊಳಗೆ ಗಾಳಿಯಾಡಲು ಬಿಟ್ಟಿದ್ದಾರೆ. ಓರೆ ಕೂಡ ಇಟಾಲಿಕ್‌ನಲ್ಲಿ 15.5 ಡಿಗ್ರಿ, ಬೋಲ್ಡ್ ಇಟಾಲಿಕ್‌ನಲ್ಲಿ 15. ಅರ್ಧ ಡಿಗ್ರಿಯಿಂದ ಏನಾಗುತ್ತದೆ ಅನ್ನಬಹುದು. ಅದರಿಂದಲೇ ದೊಡ್ಡ ಬದಲಾವಣೆಯೇನೂ ಆಗುವುದಿಲ್ಲ. ಆದರೆ ನಾಲ್ಕೂ ಫಾಂಟುಗಳನ್ನು ಬೇರೆ ಬೇರೆ ಕೂತು ಅಳೆದಿದ್ದಾರೆ ಅನ್ನುವುದಕ್ಕೆ ಇದು ಸಾಕ್ಷಿ.

ಅದೇ ಫಾಂಟಿನ ಸಣ್ಣ ‘ಎಫ್’ ಒಂದನ್ನೇ ಬೇಕಾದರೆ ನೋಡಿ. ಬೋಲ್ಡ್ ಇಟಾಲಿಕ್‌ನಲ್ಲಿ ಅದಕ್ಕೆ ಕೊಟ್ಟಿರುವ ಅಗಲ 333. ಆದರೆ ಅಕ್ಷರದ ಮೈ ಅದರೊಳಗೆ ಹಿಡಿಯುವುದೇ ಇಲ್ಲ. ಬಾಲ ಎಡಕ್ಕೆ 169 ಭಾಗ ಆಚೆ ಹೋಗುತ್ತದೆ, ತಲೆ ಬಲಕ್ಕೆ 113 ಭಾಗ ಚಾಚುತ್ತದೆ. ಸಾಲಿನ ಕೆಳಗೆ 205 ಭಾಗ ಇಳಿಯುತ್ತದೆ. ಹಿಂದಿನ ಅಕ್ಷರದ ಕಾಲ ಕೆಳಗೂ ಮುಂದಿನ ಅಕ್ಷರದ ತಲೆ ಮೇಲೂ ಕೈ ಹಾಕಿ ನಿಂತಿರುತ್ತದೆ. ಅಷ್ಟು ಆಚೀಚೆ ಹೋದರೂ ಎಲ್ಲೂ ಡಿಕ್ಕಿ ಹೊಡೆಯಬಾರದು. ಬೋಲ್ಡ್‌ನ ನೆಟ್ಟಗಿನ ‘ಎಫ್’ ಅನ್ನು ವಾಲಿಸಿದರೆ ಬಾಲವೂ ಇಲ್ಲ, ಈ ಲೆಕ್ಕಾಚಾರವೂ ಇಲ್ಲ. ತಲೆ ಮಾತ್ರ ಬಲಕ್ಕೆ ಚಾಚಿ ಪಕ್ಕದ ‘ಎಲ್’ಗೋ ‘ಐ’ ಮೇಲಿನ ಚುಕ್ಕೆಗೋ ತಾಗುತ್ತದೆ.

ಕವಲುಗಳನ್ನೂ ಗಮನಿಸಿ. ‘ಎನ್’ನ ಕಮಾನು ಕೆಳಗಿನಿಂದ ಮೇಲೇಳುತ್ತದೆ ಅಂದೆನಲ್ಲ, ಅಲ್ಲಿ ಕಾಲಿಗೂ ಕಮಾನಿಗೂ ನಡುವೆ ಚೂಪಾದ ಸಂದು ಉಳಿಯುತ್ತದೆ. ದಪ್ಪ ಗೆರೆಗಳ ನಡುವೆ ಆ ಸಂದಿನಲ್ಲಿ ಶಾಯಿ ತುಂಬಿಕೊಳ್ಳುತ್ತದೆ, ಪರದೆಯಲ್ಲಾದರೆ ಕಪ್ಪು ಚುಕ್ಕೆಯ ಹಾಗೆ ಕಾಣುತ್ತದೆ. ಅದಕ್ಕೆ ಕಮಾನು ಕಾಲಿನಿಂದ ಹೊರಡುವ ಜಾಗದಲ್ಲಿ ಗೆರೆಯನ್ನು ಬೇಕಂತಲೇ ತೆಳು ಮಾಡುತ್ತಾರೆ. ಹೊರಟ ಮೇಲೆ ದಪ್ಪವಾಗುತ್ತದೆ. ಲೇಖನಿಯ ಆ ಪುಟ್ಟ ಗೆರೆಗಳನ್ನೂ ತುಂಡು ಮಾಡಿ ಗಟ್ಟಿ ಮಾಡುತ್ತಾರೆ. ಇಲ್ಲದಿದ್ದರೆ ದಪ್ಪ ಕಾಲಿಗೆ ಕೂದಲು ಅಂಟಿದ ಹಾಗಿರುತ್ತದೆ. ಇವತ್ತು ವಿನ್ಯಾಸಕರು ತೆಳು ಇಟಾಲಿಕ್ ಒಂದು, ದಪ್ಪ ಇಟಾಲಿಕ್ ಒಂದು ಬರೆದು ನಡುವಿನ ತೂಕಗಳನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುತ್ತಾರೆ. ಎರಡೂ ತುದಿಗಳನ್ನು ಮಾತ್ರ ಕಣ್ಣಲ್ಲೇ ಅಳೆದು ಬರೆಯಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ನೀವು ಕೊಡುವ ಹಣ ಆ ಕೂಲಿಗೆ.

ಸೀಸದ ಮೊಳೆಗಳ ಕಾಲದಲ್ಲಿ ಇನ್ನೊಂದು ಕಷ್ಟ. ‘ಎಫ್’ ತಲೆ ಆಚೆ ಚಾಚಬೇಕೆಂದರೆ ಲೋಹವೂ ಮೊಳೆಯಿಂದ ಆಚೆ ಚಾಚಬೇಕು, ಅದು ಮುರಿಯುತ್ತಿತ್ತು. ಇಡೀ ಸಾಲನ್ನು ಒಟ್ಟಿಗೆ ಎರಕ ಹೊಯ್ಯುವ ಲೈನೊಟೈಪ್ ಯಂತ್ರದಲ್ಲಂತೂ ಚಾಚುವುದಕ್ಕೇ ಆಗುತ್ತಿರಲಿಲ್ಲ. ಅಲ್ಲಿ ಒಂದೇ ಅಚ್ಚಿನಲ್ಲಿ ಎರಡು ಅಕ್ಷರ ಇರುತ್ತಿದ್ದವು, ರೆಗ್ಯುಲರ್ ಜೊತೆ ಇಟಾಲಿಕ್ ಅಥವಾ ಬೋಲ್ಡ್. ಎರಡಕ್ಕೂ ಒಂದೇ ಅಗಲ. ಹಳೆಯ ಪತ್ರಿಕೆಗಳ ಇಟಾಲಿಕ್ ಯಾಕೆ ಅಷ್ಟು ಅಗಲ, ‘ಎಫ್’ ಯಾಕೆ ಕುಗ್ಗಿ ಕೂತ ಹಾಗೆ ಅಂದರೆ ಕಾರಣ ಇದೇ. ಆ ಕಟ್ಟು ಬಿಚ್ಚಿದ ಮೇಲೆ, 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್ 13 ಫಾಂಟುಗಳೊಂದಿಗೆ ಬಂತು. ಟೈಮ್ಸ್, ಹೆಲ್ವೆಟಿಕಾ, ಕೊರಿಯರ್ ತಲಾ ನಾಲ್ಕು, ಮೇಲೊಂದು ಸಿಂಬಲ್. ನಾಲ್ಕರ ಕುಟುಂಬ ಅನ್ನುವುದು ಆಫೀಸು ಆಫೀಸಿಗೂ ಹೋಯಿತು. ಬಿ ಮತ್ತು ಐ ಬಟನ್ ಒಟ್ಟಿಗೆ ಒತ್ತುವ ಚಟವೂ ಅಲ್ಲಿಂದಲೇ ಹರಡಿತು ಅಂತ ನನ್ನ ಗುಮಾನಿ.

ಹಾಗಂತ ವಾಲಿದ ಅಕ್ಷರವೆಲ್ಲ ಕೆಟ್ಟದ್ದು ಅಂತಲ್ಲ. ಇಟಾಲಿಕ್ ನೆಟ್ಟಗಿನ ಅಕ್ಷರಕ್ಕೆ ತೀರಾ ಬೇರೆಯಾಗಿ ಕಾಣಬಾರದು, ವಾಲಿದ ರೋಮನ್ನೇ (ನೆಟ್ಟಗಿನ ಅಕ್ಷರವನ್ನೇ ವಾಲಿಸಿದ್ದು) ಸಾಕು ಅಂತ 1926ರಲ್ಲಿ ಬ್ರಿಟನ್ನಿನ ಮುದ್ರಣ ತಜ್ಞ ಸ್ಟ್ಯಾನ್ಲಿ ಮಾರಿಸನ್ ವಾದ ಮಾಡಿದ್ದ. ಮುಂದೆ 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಟೈಮ್ಸ್ ನ್ಯೂ ರೋಮನ್ ಮಾಡಿಸಿದವನೂ ಅವನೇ. ತಮಾಷೆ ಎಂದರೆ ಆ ಟೈಮ್ಸ್‌ಗೆ ಬಂದಿದ್ದು ಅಚ್ಚುಕಟ್ಟಾದ ಹಳೆಯ ಥರದ ಇಟಾಲಿಕ್. ಡಬ್ಲ್ಯೂ. ಎ. ಡ್ವಿಗಿನ್ಸ್ 1935ರಲ್ಲಿ ತಂದ ಎಲೆಕ್ಟ್ರಾ ಫಾಂಟಿಗೆ ಮೊದಲು ವಾಲಿದ ರೋಮನ್ ಇತ್ತು. ಕೆಲವು ವರ್ಷದ ಮೇಲೆ ಓಡುವ ಇಟಾಲಿಕ್ಕನ್ನೂ ಸೇರಿಸಬೇಕಾಯಿತು. ಎರಿಕ್ ಗಿಲ್‌ನ ಜೋಆನಾ ಫಾಂಟ್ ಮತ್ತೊಂದು ತುದಿ. ಅದರ ಇಟಾಲಿಕ್ ವಾಲುವುದು ಸುಮಾರು 3 ಡಿಗ್ರಿ ಮಾತ್ರ, ಆದರೂ ಇಕ್ಕಟ್ಟಿನಿಂದಲೇ ಇಟಾಲಿಕ್ ಅಂತ ಗೊತ್ತಾಗುತ್ತದೆ. ವಾಲಿದ ರೋಮನ್ ಬೇಕು ಅಂತ ಒಬ್ಬರು ತೀರ್ಮಾನಿಸಿ, ‘ಓ’ ಊದಿದ ಕಡೆ ತಿದ್ದಿ, ‘ಎ’ಯ ಕಾಲು ಸರಿಮಾಡಿ ಕೊಟ್ಟರೆ ಅದಕ್ಕೆ ನನ್ನ ತಕರಾರಿಲ್ಲ. ಯಾರೂ ತಿದ್ದದ್ದನ್ನು ಯಂತ್ರ ಕೊಟ್ಟಾಗ ಮಾತ್ರ ತಕರಾರು.

ಈಗ ಎಲ್ಲಿ ಬಳಸಬೇಕು ಅನ್ನುವುದಕ್ಕೆ ಬರೋಣ. ನಾನು ಇದನ್ನು ಬೋಲ್ಡ್‌ನ ಇಟಾಲಿಕ್ ಅಂತ ನೋಡುತ್ತೇನೆ. ಹಲವರು ಇಟಾಲಿಕ್‌ನ ಬೋಲ್ಡ್ ಅಂತ ನೋಡುತ್ತಾರೆ, ಅಂದರೆ ಇಟಾಲಿಕ್ ಸಾಲದಿದ್ದಾಗ ಇನ್ನೂ ಜೋರಾಗಿ ಕೂಗಲು. ಹಾಗೆ ನೋಡಿದರೆ ಪುಟ ಕೆಡುತ್ತದೆ. ಸಾಮಾನ್ಯ ಸಾಲಿನ ನಡುವೆ ಒಂದು ಪದ ಬೋಲ್ಡ್ ಇಟಾಲಿಕ್ ಆದರೆ ಎರಡು ಸಂಕೇತ ಒಟ್ಟಿಗೆ ಬಿದ್ದ ಹಾಗೆ. ಒತ್ತು ಎರಡು ಪಟ್ಟಾಗುವುದಿಲ್ಲ. ಓದುಗರಿಗೆ ‘ಇದು ಬೋಲ್ಡ್‌ಗಿಂತ ಬೇರೇನೋ ಹೇಳುತ್ತಿದೆಯಾ?’ ಅನ್ನುವ ಗೊಂದಲ ಅಷ್ಟೇ. ಸುತ್ತಲೂ ಬೋಲ್ಡ್ ಇದ್ದು ಅದರೊಳಗೆ ಇಟಾಲಿಕ್ ಬೇಕಾದಾಗ ಮಾತ್ರ ಅದು ಸಹಜವಾಗಿ ಕೂರುತ್ತದೆ. ಬೋಲ್ಡ್ ಶೀರ್ಷಿಕೆಯೊಳಗೆ ಜೀವಿಯ ಹೆಸರು, ಪುಸ್ತಕದ ಹೆಸರು, ಹಡಗಿನ ಹೆಸರು. ಕೋಷ್ಟಕದ ಬೋಲ್ಡ್ ತಲೆಸಾಲಿನಲ್ಲಿ ಒಂದು ಪರಭಾಷೆಯ ಪದ. ಶೀರ್ಷಿಕೆಗಳ ಅಂತಸ್ತಿನಲ್ಲಿ ಮೂರನೇ ಅಥವಾ ನಾಲ್ಕನೇ ಮಟ್ಟಕ್ಕೂ ಇದನ್ನು ಹಾಕುತ್ತಾರೆ. ಪ್ಯಾರಾದ ಮೊದಲ ಎರಡು ಮೂರು ಪದವನ್ನೇ ಶೀರ್ಷಿಕೆ ಮಾಡಿ ಅಲ್ಲಿಂದಲೇ ಸಾಲು ಮುಂದುವರಿಸುವ ಕಡೆ ಚೆನ್ನಾಗಿ ಕಾಣುತ್ತದೆ.

ಗಣಿತದಲ್ಲಿ ಮಾತ್ರ ಇದಕ್ಕೆ ತನ್ನದೇ ಸ್ವಂತ ಕೆಲಸ ಇದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 80000-2 ಪ್ರಕಾರ ವೆಕ್ಟರ್‌ಗಳ ಚಿಹ್ನೆ ಬೋಲ್ಡ್ ಇಟಾಲಿಕ್. ಸಾಮಾನ್ಯ ಇಟಾಲಿಕ್ ‘ವಿ’ ಅಂದರೆ ಬರೀ ಅಳತೆ, ಬೋಲ್ಡ್ ಇಟಾಲಿಕ್ ‘ವಿ’ ಅಂದರೆ ದಿಕ್ಕೂ ಸೇರಿದ ಅಳತೆ. ಇಲ್ಲಿ ಅಕ್ಷರದ ದಪ್ಪವೇ ಅರ್ಥ. ಎಷ್ಟೋ ಪಠ್ಯಗಳು ನೆಟ್ಟಗಿನ ಬೋಲ್ಡ್ ಹಾಕುತ್ತವೆ, ಅದೂ ನಡೆಯುತ್ತದೆ, ಆದರೆ ಒಂದು ಪುಸ್ತಕದೊಳಗೆ ಎರಡೂ ಬೆರೆಸಬಾರದು. ಈ ಅರ್ಥದ ವ್ಯತ್ಯಾಸಕ್ಕಾಗಿಯೇ 2001ರಲ್ಲಿ, ಪ್ರತಿ ಅಕ್ಷರಕ್ಕೂ ಕಂಪ್ಯೂಟರಿಗೆ ಒಂದು ಅಂಕೆ ಗೊತ್ತುಮಾಡುವ ಮಾನಕ ಯೂನಿಕೋಡ್ 3.1, ಗಣಿತದ ಬೋಲ್ಡ್ ಇಟಾಲಿಕ್ ಎ ಇಂದ ಝಡ್‌ವರೆಗಿನ 52 ದೊಡ್ಡ, ಸಣ್ಣ ಅಕ್ಷರಗಳಿಗೆ ಬೇರೆಯೇ ಸಂಕೇತ ಕೊಟ್ಟಿತು. ಈಗ ಸಾಮಾಜಿಕ ಜಾಲತಾಣಗಳಲ್ಲಿ ಜನ ತಮ್ಮ ಹೆಸರನ್ನು ಚೆಂದ ಮಾಡಲು ಬಳಸುವುದು ಇದೇ ಅಕ್ಷರಗಳನ್ನು. ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಪದ ಅಂತ ಓದದೆ ಒಂದೊಂದೇ ಗಣಿತದ ಚಿಹ್ನೆ ಅಂತ ಹೇಳುತ್ತಾ ಹೋಗಬಹುದು, ಇಲ್ಲವೇ ಬಿಟ್ಟೇಬಿಡಬಹುದು. ಹುಡುಕಿದರೆ ಸಿಗದೇ ಹೋಗುವುದೂ ಉಂಟು.

ದೊಡ್ಡ ಅಳತೆಗೆ ಬಂದರೆ ಲೆಕ್ಕವೇ ಬೇರೆ. ಪೋಸ್ಟರ್, ಪೊಟ್ಟಣ, ಪತ್ರಿಕೆಯ ಮುಖಪುಟ, ಅಂಗಡಿಯ ಫಲಕ. ಅಲ್ಲಿ ಬೋಲ್ಡ್ ಇಟಾಲಿಕ್ ಯಾರ ಜೊತೆಗಾರನೂ ಅಲ್ಲ, ತಾನೇ ನಾಯಕ. ಆಸ್ವಾಲ್ಡ್ ಕೂಪರ್ 1920ರ ದಶಕದಲ್ಲಿ ಮಾಡಿದ ಕೂಪರ್ ಬ್ಲ್ಯಾಕ್ ಇಟಾಲಿಕ್ ನೋಡಿ, ಎಲ್ಲ ಮೂಲೆಗಳೂ ದುಂಡು, ಗಟ್ಟಿಯಾಗಿದ್ದರೂ ಮೆತ್ತಗೆ ಕಾಣುತ್ತದೆ. ಅದೇ ದಶಕದ ಕೊನೆಯ ಅಲ್ಟ್ರಾ ಬೊಡೋನಿ ಇಟಾಲಿಕ್ ಅದಕ್ಕೆ ಪೂರ್ತಿ ವಿರುದ್ಧ. ದಪ್ಪ ಕಾಲು, ಕೂದಲಿನಂಥ ತೆಳು ಗೆರೆ, ಚೂಪು ತಿರುವು. 1975ರಲ್ಲಿ ಎಡ್ ಬೆಂಗ್ವಿಯಾಟ್ ಐಟಿಸಿ ಅನ್ನುವ ಅಮೆರಿಕದ ಫಾಂಟ್ ಕಂಪನಿಗೆ ಮಾಡಿದ ಬುಕ್‌ಮನ್‌ನಲ್ಲಿ ಬಾಲ ಸುತ್ತಿಕೊಳ್ಳುವ ಅಲಂಕಾರದ ಅಕ್ಷರಗಳಿದ್ದವು. ದಪ್ಪ ಓರೆಯಲ್ಲಿ ಹಾಕಿದಾಗ ಆ ಬಾಲಗಳಿಗೆ ಭಾರವೂ ಇರುತ್ತದೆ, ಓಟವೂ ಇರುತ್ತದೆ. ಆ ದಶಕದ ಜಾಹೀರಾತುಗಳ ಗುರುತೇ ಅದು. ಈಗ ಮತ್ತೆ ಆ ಥರದವು ಫ್ಯಾಷನ್ನಿಗೆ ಬಂದಿವೆ. ಒಂದು ಮಾತು: ಇವನ್ನು 60 ಪಾಯಿಂಟಿಗೆ ಬರೆದಿರುತ್ತಾರೆ. 10 ಪಾಯಿಂಟಿನಲ್ಲಿ ಹಾಕಿದರೆ ತೆಳು ಗೆರೆ ಮಾಯ, ಉಳಿಯುವುದು ಕಪ್ಪು ಕಾಲುಗಳ ಸಾಲು.

ಎಲ್ಲಿ ಬೇಡ ಅಂದರೆ, ಇಡೀ ಪ್ಯಾರಾಕ್ಕೆ ಬೇಡ. ಎರಡು ಸಾಲಿನ ಮೇಲೆ ಹೋದರೆ ಕಣ್ಣು ಸೋಲುತ್ತದೆ. ಡಿಸ್ಲೆಕ್ಸಿಯಾ ಇರುವವರಿಗೆ ಓರೆ ಅಕ್ಷರವೇ ತೊಡಕು. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇಟಾಲಿಕ್ ಬಿಟ್ಟು ಬೋಲ್ಡ್ ಬಳಸಿ ಅನ್ನುತ್ತದೆ. ಎಚ್ಚರಿಕೆ, ನಿಯಮ, ಷರತ್ತುಗಳನ್ನು ಬೋಲ್ಡ್ ಇಟಾಲಿಕ್‌ನಲ್ಲಿ ತುಂಬಿಸುವವರಿಗೆ ಅದನ್ನು ಯಾರೂ ಓದಬಾರದು ಅನ್ನುವ ಆಸೆ ಇರಬೇಕು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಕೊಳ್ಳುವ ಮೊದಲು ಹೀಗೆ ಪರೀಕ್ಷೆ ಮಾಡಿ. ಫಾಂಟ್ ಮಾರುವ ಜಾಲತಾಣಗಳಲ್ಲಿ ನಿಮ್ಮದೇ ಪದ ಟೈಪ್ ಮಾಡಿ ನೋಡಲು ಬಿಡುತ್ತಾರೆ. ಅಲ್ಲಿ ಕೊಟ್ಟಿರುವ ಚೆಂದದ ಮಾದರಿ ವಾಕ್ಯ ಬೇಡ, ನಿಮ್ಮ ಹಕ್ಕಿಗಳ ಹೆಸರೇ ಹಾಕಿ. ‘ಲಾರಸ್ ಫಸ್ಕಸ್’ ಒಳ್ಳೆಯದು, ಎರಡನೇ ಪದ ಸಣ್ಣ ‘ಎಫ್’ನಿಂದ ಶುರುವಾಗುತ್ತದೆ. ಬಾಲ ಹಿಂದಿನ ಖಾಲಿ ಜಾಗವನ್ನು ನುಂಗಿ ಎರಡು ಪದ ಅಂಟಿದ ಹಾಗೆ ಕಾಣುತ್ತದಾ ನೋಡಿ. ‘ಫಾಲ್ಕೊ ಪೆರೆಗ್ರಿನಸ್’ನಲ್ಲಿ ಸಣ್ಣ ‘ಜಿ’ ಸಿಗುತ್ತದೆ, ಬೋಲ್ಡ್ ಇಟಾಲಿಕ್‌ನಲ್ಲಿ ವಿನ್ಯಾಸಕರು ಜಾಸ್ತಿ ಒದ್ದಾಡುವ ಅಕ್ಷರ ಅದು. ಅದರ ಕೆಳಗಿನ ಕುಣಿಕೆಯೊಳಗೆ ಬಿಳಿ ಉಳಿದಿದೆಯಾ? ‘ಡೊಮೆಸ್ಟಿಕಸ್’ನ ‘ಎಮ್’ ಸುತ್ತಮುತ್ತಲಿಗಿಂತ ಕಪ್ಪಾಗಿದೆಯಾ? ಆಮೇಲೆ ಒಂದೇ ಸಾಲಿನಲ್ಲಿ ಮೊದಲು ಬೋಲ್ಡ್, ಪಕ್ಕದಲ್ಲೇ ಬೋಲ್ಡ್ ಇಟಾಲಿಕ್ ಹಾಕಿ ಕಣ್ಣು ಅರ್ಧ ಮುಚ್ಚಿ ನೋಡಿ. ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಸರಿ. ಆದರೂ ಕಣ್ಣು ತೆರೆದಾಗ ಬೇರೆ ಬೇರೆ ಅಂತ ತಟ್ಟನೆ ಗೊತ್ತಾಗಬೇಕು. ನಿಮ್ಮ ಶೀರ್ಷಿಕೆಯ ಅಳತೆಯಲ್ಲೇ ಒಂದು ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡುವುದಂತೂ ಬಿಡಲೇಬೇಡಿ. ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಎಲ್ಲವೂ ಚೆಂದವೇ.

ಆವರಣ ಚಿಹ್ನೆಗಳ ಬಗ್ಗೆ ಒಂದು ಮಾತು. ವೈಜ್ಞಾನಿಕ ಹೆಸರನ್ನು ಆವರಣದೊಳಗೆ ಹಾಕುವಿರಾದರೆ ಆವರಣ ನೆಟ್ಟಗಿನ ಬೋಲ್ಡ್‌ನಲ್ಲೇ ಇರಲಿ, ಹೆಸರು ಮಾತ್ರ ಇಟಾಲಿಕ್ ಆಗಲಿ. ಹೆಸರಿನ ಕೊನೆಯಲ್ಲಿ ‘ಎಲ್’, ‘ಡಿ’ ಥರದ ಎತ್ತರದ ಅಕ್ಷರ ಬಂದರೆ ಅದರ ತಲೆ ಆವರಣಕ್ಕೆ ತಾಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಜಾಗ ಕೈಯಾರೆ ಕೊಡಿ.

ವೆಬ್‌ನಲ್ಲಿ ಆಗುವ ಒಂದು ಎಡವಟ್ಟು ನಿಮಗೂ ಆಗಬಹುದು. ಬೋಲ್ಡ್ ಇಟಾಲಿಕ್ ಫೈಲ್ ಸೇರಿಸುವಾಗ ‘ಇದರ ತೂಕ 700 (ಬೋಲ್ಡ್‌ನ ದಪ್ಪದ ಅಂಕೆ), ಶೈಲಿ ಇಟಾಲಿಕ್’ ಅಂತ, ಪುಟದ ರೂಪ ಹೇಳುವ ಸ್ಟೈಲ್‌ಶೀಟ್‌ನಲ್ಲಿ ಬರೆಯಬೇಕು. ಬರೆಯದಿದ್ದರೆ ಬ್ರೌಸರ್ ಅದನ್ನು ರೆಗ್ಯುಲರ್ ಅಂತ ತಿಳಿದು, ಬೋಲ್ಡ್ ಇಟಾಲಿಕ್ ಕೇಳಿದಾಗ ಅದರ ಮೇಲೆ ಮತ್ತೆ ದಪ್ಪ, ಮತ್ತೆ ಓರೆ ಸೇರಿಸುತ್ತದೆ. ಹಣ ಕೊಟ್ಟು ತಂದ ಫಾಂಟ್ ಎರಡು ಪಟ್ಟು ವಾಲಿ ಮಸಿ ಮುದ್ದೆಯಾಗಿ ನಿಲ್ಲುತ್ತದೆ, ಜನ ಫಾಂಟಿಗೆ ಬೈಯುತ್ತಾರೆ. ಪರೀಕ್ಷೆಗೆ ಫಾಂಟ್-ಸಿಂಥೆಸಿಸ್ ಅನ್ನುವ ಸೂಚನೆಗೆ ‘ನನ್’ ಅಂತ ಕೊಡಿ. ಆಗ ಬ್ರೌಸರ್ ತನ್ನ ಕೈಚಳಕ ನಿಲ್ಲಿಸುತ್ತದೆ. ಅಸಲಿ ಫಾಂಟ್ ಸಿಕ್ಕಿದ್ದರೆ ಅಕ್ಷರ ಸರಿಯಾಗಿ ಕಾಣುತ್ತದೆ, ಇಲ್ಲದಿದ್ದರೆ ಓರೆಯೋ ದಪ್ಪವೋ ಕಾಣೆಯಾಗುತ್ತದೆ. ನಿಮ್ಮ ಕುಟುಂಬ ವೇರಿಯೆಬಲ್ ಫಾಂಟ್ ಆಗಿಯೂ ಸಿಗುತ್ತದಾ ಅಂತ ಕೇಳಿ. ಇಟಾಲಿಕ್‌ನ ಒಂದು ವೇರಿಯೆಬಲ್ ಫೈಲಿನಲ್ಲೇ ತೆಳುವಿನಿಂದ ಬೋಲ್ಡ್‌ವರೆಗೂ ಇರುತ್ತದೆ. ಆಗ 700ರ ಬದಲು 600 ಹಾಕಿ ಶೀರ್ಷಿಕೆಯ ಭಾರ ಸ್ವಲ್ಪ ಇಳಿಸಬಹುದು. ಓರೆಯಲ್ಲಿ ಎಷ್ಟೋ ಸಲ ಅದೇ ಚೆನ್ನಾಗಿರುತ್ತದೆ.

ಕೊಳ್ಳುವುದು ಆಗುವುದೇ ಇಲ್ಲ ಅಂದರೆ ನಕಲಿಗೆ ಹೋಗಬೇಡಿ, ಶೀರ್ಷಿಕೆಯನ್ನೇ ಬದಲಾಯಿಸಿ. ಹಕ್ಕಿಯ ಹೆಸರನ್ನು ಬೋಲ್ಡ್‌ನಲ್ಲಿ ಒಂದು ಸಾಲು, ವೈಜ್ಞಾನಿಕ ಹೆಸರನ್ನು ಅದರ ಕೆಳಗೆ ಸಾಮಾನ್ಯ ಇಟಾಲಿಕ್‌ನಲ್ಲಿ ಇನ್ನೊಂದು ಸಾಲು ಹಾಕಿ, ಅಳತೆ ಒಂದೆರಡು ಪಾಯಿಂಟ್ ಕಡಿಮೆ. ಅಥವಾ ಬೋಲ್ಡ್ ಪೂರ್ತಿ ಬಿಟ್ಟು ಶೀರ್ಷಿಕೆಯನ್ನು ರೆಗ್ಯುಲರ್‌ನಲ್ಲೇ ದೊಡ್ಡದಾಗಿ ಮಾಡಿ, ಪಕ್ಕದಲ್ಲಿ ಅದೇ ಅಳತೆಯ ಇಟಾಲಿಕ್. ನಿಮ್ಮ ಹತ್ತಿರ ಇರುವ ಮೂರು ಫಾಂಟಿನಲ್ಲೇ ಎರಡೂ ಆಗುತ್ತದೆ.